ಕಡೇ ಕರೆಗೆ ಮೊದಲು

ನಮ್ಮ ಊರಿನಲ್ಲಿ ಗುಟ್ಟು ಹೇಳಬೇಕಾದರೆ ಕೂಗಬೇಕು. ಗಂಟಲು ಹರಿಯುವಂತೆ ಕೂಗಿದ್ದು ಎದುರಿಗೆ ನಿಂತವನ ಕಿವಿ ದಾಟಿ ಹೋಗುವುದಿಲ್ಲ. ಊರಿಗೆಲ್ಲ ತಿಳಿಯಬೇಕಾದ್ದನ್ನು ಪಿಸುಗುಟ್ಟಿದರೆ ಸಾಕು. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ತುಟಿ ಅಲ್ಲಾಡಿಸಿ ಧಾರಣೆ ಹೇಳಿದರೆ ಹಳ್ಳದ ಆಚೆ ದಂಡೆಯ ಅಗಸರಿಗೆ ಕೇಳುತ್ತದೆ. ಶಾಲೆಯ ಗಂಟೆಗೆ ಸುತ್ತಿಗೆ ಇಲ್ಲ, ಜವಾನ ಉಗುರಿನಿಂದ ತಟ್ಟುತ್ತಾನೆ. ಗಂಡಹೆಂಡತಿ ಜಗಳ ಬಂದಾಗ ಇಬ್ಬರೂ ಚೀರುತ್ತಾರೆ, ಅದು ಮರ್ಯಾದೆ. ಹೆಂಡತಿ ಸಣ್ಣ ದನಿಯಲ್ಲಿ ಬೈಯಲು ಶುರುಮಾಡಿದಳೆಂದರೆ ಗಂಡ ಕೈಮುಗಿದು ಒಳಗೆ ಕರೆದೊಯ್ಯುತ್ತಾನೆ. ಒಂದು ಮನೆಯ ತಾಯಿ ಲಾಲಿ ಹಾಡಿದರೆ ಹತ್ತು ಮನೆಯ ಕೂಸುಗಳು ಮಲಗುತ್ತವೆ. ಹೊರಗಿನಿಂದ ಬಂದ ಲಾರಿಯವರು ಮೊದಲ ದಿನ ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ, ಎರಡನೆಯ ದಿನ ಬಾನೆಟ್ಟಿನ ಮೇಲೆ ಬೆರಳು ಆಡಿಸುವುದನ್ನು ಕಲಿಯುತ್ತಾರೆ.

ನನ್ನ ಹೆಸರು ಬಸಲಿಂಗ, ನನ್ನದು ಬ್ಯಾಟರಿ ಅಂಗಡಿ. ಆಸಿಡ್ ತುಂಬುವುದು, ಪ್ಲೇಟ್ ಬದಲಿಸುವುದು, ಟ್ರ್ಯಾಕ್ಟರಿನ ಬ್ಯಾಟರಿಗಳನ್ನು ಚಾರ್ಜಿಗೆ ಇಡುವುದು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅಷ್ಟು ಈ ಕೆಲಸಕ್ಕೆ ಸಾಕು. ನನಗೆ ಸಿಟ್ಟು ಬೇಗ ಬರುತ್ತದೆ. ಬಸಲಿಂಗ ಎಷ್ಟು ಒದರಿದರೂ ಅವನ ಅಂಗಡಿ ಮಠದ ಹಾಗೆ ತಣ್ಣಗಿರುತ್ತದೆ ಎಂದು ಜನ ನಗುತ್ತಾರೆ. ನಗಲಿ.

ನನ್ನ ತಮ್ಮ ಚನ್ನವೀರ ಸರಕು ಸಾಗಿಸುವ ಹಡಗಿನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಕಸ್ತೂರಿ ನಮ್ಮ ಮನೆಯಲ್ಲೇ ಇದ್ದಾಳೆ. ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರಿಗೆ ಸರ್ಕಾರ ಒಂದು ಪರೀಕ್ಷೆ ಇಟ್ಟು ಲೈಸೆನ್ಸ್ ಕೊಡುತ್ತದೆ. ಇಬ್ಬರೂ ಅದನ್ನು ಪಾಸು ಮಾಡಿದವರು. ಲೈಸೆನ್ಸಿನ ಜೊತೆ ಪ್ರತಿಯೊಬ್ಬರಿಗೂ ಒಂದೊಂದು ಕರೆಗುರುತು ಸಿಗುತ್ತದೆ, ಕೆಲವು ಅಕ್ಷರ, ಒಂದು ಅಂಕಿ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗೆ ಇರುವುದಿಲ್ಲ. ಚನ್ನವೀರ ಹೋಗುವ ಮೊದಲು ಅಂಗೈಯಗಲದ ಎರಡು ಪೆಟ್ಟಿಗೆ ಕಟ್ಟಿದ್ದ. ಒಂದನ್ನು ತಾನು ಒಯ್ದ, ಇನ್ನೊಂದನ್ನು ಅವಳಿಗೆ ಬಿಟ್ಟ. ಆ ಪೆಟ್ಟಿಗೆಗೆ ಮಾತು ಬರುವುದಿಲ್ಲ. ಅದಕ್ಕೆ ಹೇಳಲು ಬರುವುದು ಮೂರೇ ಸಂಗತಿ: ನಾನು ಇಂಥವನು, ಇಂಥ ಕಡೆ ಇದ್ದೇನೆ, ಇಷ್ಟು ಶಕ್ತಿಯಲ್ಲಿ ಕರೆಯುತ್ತಿದ್ದೇನೆ. ಅದನ್ನೇ ಎರಡು ನಿಮಿಷ ಎಳೆದು ಎಳೆದು ಹೇಳುತ್ತದೆ. ದನಿ ಎಲ್ಲಿಯವರೆಗೆ ಮುಟ್ಟಿತು ಎಂದು ನೋಡುವುದೇ ಅದರ ಆಟ. ಅವಳ ಪೆಟ್ಟಿಗೆ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಹಡಗು ದಕ್ಷಿಣದ ದೊಡ್ಡ ಸಮುದ್ರದಲ್ಲಿ ಕಾಣೆಯಾಯಿತು ಎಂದು ಕಂಪನಿಯವರು ಫೋನ್ ಮಾಡಿದರು. ಹುಡುಕಿದೆವು, ಸಿಗಲಿಲ್ಲ ಎಂದರು. ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟರು.

ಊರಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಯಾರಾದರೂ ಕಾಣೆಯಾದರೆ ಮನೆಯವರು ಊರ ನಡುವಿನ ಕರೆಕಟ್ಟೆಯ ಮೇಲೆ ಕೂತು ಅವರ ಹೆಸರನ್ನು ಪಿಸುಗುಟ್ಟುತ್ತಾರೆ. ಸುತ್ತಲಿನ ಗುಡ್ಡಗಳೊಳಗೆ ಎಲ್ಲೇ ಇದ್ದರೂ ಅವರಿಗೆ ಕೇಳುತ್ತದೆ, ಅವರು ಓಗೊಟ್ಟರೆ ಊರಿಗೂ ಕೇಳುತ್ತದೆ. ಮೂರು ಸಲ ಕರೆಯಬೇಕು, ನಡುವೆ ತಿಂಗಳುಗಳ ಬಿಡುವು ಕೊಟ್ಟು. ಮೂರನೆಯದಕ್ಕೆ ಕಡೇ ಕರೆ ಎನ್ನುತ್ತಾರೆ. ಅದಕ್ಕೂ ಉತ್ತರ ಬರದಿದ್ದರೆ ಹೆಂಡತಿಯ ಬಳೆ ಅಲ್ಲೇ ಒಡೆಯುತ್ತಾರೆ, ಆ ಹೆಸರನ್ನು ಮತ್ತೆ ಯಾರೂ ಸಣ್ಣ ದನಿಯಲ್ಲಿ ಹೇಳುವ ಹಾಗಿಲ್ಲ. ಚನ್ನವೀರನಿಗೆ ಎರಡು ಕರೆ ಆಗಿದ್ದವು. ನಮ್ಮ ಮನೆತನಕ್ಕೆ ಹಿರಿಯ ಎಂದರೆ ಸಿದ್ರಾಮಪ್ಪ ಕಾಕಾ. ಅವನು ಬಂದು, ಜೋಳದ ರಾಶಿ ಮುಗಿದ ಮೇಲಿನ ಅಮಾವಾಸ್ಯೆಗೆ ಕಡೇ ಕರೆ ಎಂದು ಹೇಳಿ ಎದ್ದ.

ಕಸ್ತೂರಿ ಅಳಲಿಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಸಿದಳು.

"ಕಾಕಾ, ಕಟ್ಟೀ ಮ್ಯಾಲಿನ ದನಿ ಗುಡ್ಡದ ತನಕ ಹೋಗ್ತೈತಿ. ಅವರು ಸಮುದ್ರದಾಗ ಅದಾರ. ಅಲ್ಲೀತನಕ ಒಮ್ಮೆರೆ ಕರದು ನೋಡ್ತೀನಿ. ಅಮಾಸಿ ತನಕ ಬಿಡ್ರಿ," ಅಂದಳು.

ಕಾಕಾ ಕೆಟ್ಟವನಲ್ಲ. ನೋಡು ತಂಗಿ ಎಂದು ಹೋದ.

ಮಹಡಿಯ ಕೋಣೆಯಲ್ಲಿ ಕೆಲಸ ಶುರುವಾಯಿತು. ಛಾವಣಿಯಿಂದ ಬೇವಿನ ಮರಕ್ಕೆ ತಾಮ್ರದ ತಂತಿ ಎಳೆದವನು ನಾನು. ಒಂದು ಹಳೆಯ ಲ್ಯಾಪ್‌ಟಾಪು. ಅದಕ್ಕೆ ಸಾಫ್ಟ್‌ವೇರು ಹಾಕಬೇಕು, ಆ ಸಾಫ್ಟ್‌ವೇರು ನೆಟ್ಟಿನಿಂದ ಇಳಿಯಬೇಕು. ನಮ್ಮ ಊರಿಗೆ ನೆಟ್ಟಿನ ತಂತಿ ಬಂದಿದೆ, ಆದರೆ ಅದರೊಳಗೆ ಬರುವುದು ಇರುವೆಯ ನಡಿಗೆ. ಇಡೀ ದಿನ ಇಳಿಯಿತು. ಸಂಜೆ ಹೊತ್ತಿಗೆ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಬೈದ ಬೈಗುಳ ನನ್ನ ಹೆಂಡತಿ ಮಲ್ಲವ್ವನಿಗೆ ಕೆಳಗಿನ ಅಡುಗೆಮನೆಯಲ್ಲಿ ಕೇಳಲಿಲ್ಲ, ಅದೊಂದು ಪುಣ್ಯ.

ಇಳಿದ ಮೇಲೆ ಅದು ಪ್ರಶ್ನೆ ಕೇಳಲು ಶುರುಮಾಡಿತು. ಕರೆಗುರುತು ಏನು? ಹಾಕಿದಳು. ಶಕ್ತಿ ಎಷ್ಟು? ಹಾಕಿದಳು. ಎಲ್ಲಿದ್ದೀರಿ? ಅಲ್ಲಿ ಸಿಕ್ಕಿಕೊಂಡೆವು. ಭೂಮಿಯನ್ನೆಲ್ಲ ಚೌಕ ಚೌಕವಾಗಿ ಕೊಯ್ದು ಪ್ರತಿ ಚೌಕಕ್ಕೂ ಹೆಸರಿಟ್ಟಿದ್ದಾರಂತೆ. ನಮ್ಮ ಊರು ಯಾವ ಚೌಕದಲ್ಲಿದೆ ಎಂದು ನಮಗೆ ಗೊತ್ತಿಲ್ಲ. ನಕ್ಷೆಯಲ್ಲಿ ನಾವಿಲ್ಲ, ಯಾವತ್ತೂ ಇರಲಿಲ್ಲ, ಇಲ್ಲಿಯವರೆಗೆ ಅದರಿಂದ ಯಾರ ರೊಟ್ಟಿಯೂ ಸುಟ್ಟಿರಲಿಲ್ಲ. ಖಾಲಿ ಬಿಟ್ಟರೆ ಸಾಫ್ಟ್‌ವೇರು ಮುಂದೆ ಹೋಗುವುದಿಲ್ಲ. ಕಸ್ತೂರಿ ನಾಲ್ಕು ಅಕ್ಷರ ಒತ್ತಿದಳು. ತೆರೆಯ ಮೇಲಿನ ನಕ್ಷೆಯಲ್ಲಿ ಒಂದು ಚುಕ್ಕೆ ಬಂತು. ನೋಡಿದರೆ ಸುತ್ತ ನೀರು. ಹಡಗು ಕೊನೆಯ ಸಲ ಮಾತಾಡಿದ ಜಾಗ ಅದು.

ಸುಳ್ಳು ಜಾಗ ಯಾಕೆ ಹಾಕಿದೆ ಎಂದು ರೇಗಿದೆ.

"ಖರೇ ಜಾಗ ಯಾವುದು ಹೇಳ್ರಿ ಭಾವ, ಅಳಿಸಿ ಅದನ್ನ ಹಾಕ್ತೀನಿ."

ಹಾಗೆ ನಮ್ಮ ಊರು ಸಮುದ್ರದ ನಡುವೆ ಕೂತಿತು.

ಆಮೇಲೆ ಗಡಿಯಾರ. ಈ ಆಟದಲ್ಲಿ ಎಲ್ಲರೂ ಒಂದೇ ಕ್ಷಣಕ್ಕೆ ಶುರುಮಾಡಬೇಕು, ಒಂದೆರಡು ಸೆಕೆಂಡು ಆಚೀಚೆಯಾದರೂ ಕೇಳುವ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಶಾಲೆಯದೊಂದು ಹೊತ್ತು, ದರ್ಗಾದ್ದೊಂದು, ಸೊಸೈಟಿಯದು ಇನ್ನೊಂದು. ನೆಟ್ಟಿನ ಗಡಿಯಾರಕ್ಕೆ ಲ್ಯಾಪ್‌ಟಾಪನ್ನು ಜೋಡಿಸಿದಳು. ಕೇಳಿಸಿಕೊಳ್ಳುವುದನ್ನೂ ಹೊಂದಿಸಿದಳು. ಕೇಳಿದ್ದೆಲ್ಲ ತೆರೆಯ ಮೇಲೆ ಬಣ್ಣದ ನೀರಿನ ಹಾಗೆ ಮೇಲಿನಿಂದ ಕೆಳಗೆ ಇಳಿಯುತ್ತದೆ, ಅದರಲ್ಲಿ ದನಿ ಇದ್ದರೆ ಒಂದು ಗೆರೆ ಮೂಡುತ್ತದೆ. ಮೊದಲ ದಿನವೇ ದಪ್ಪ ಗೆರೆ ಮೂಡಿತು. ಕಸ್ತೂರಿ ತೆರೆಯ ಹತ್ತಿರಕ್ಕೆ ಸರಿದು ಕೂತಳು. ಎಷ್ಟು ಹೊತ್ತಾದರೂ ಅದರಿಂದ ಒಂದು ಅಕ್ಷರವೂ ಹೊರಡಲಿಲ್ಲ. ಕೆಳಗೆ ಮಲ್ಲವ್ವ ಇಡ್ಲಿ ಹಿಟ್ಟು ರುಬ್ಬುವುದನ್ನು ನಿಲ್ಲಿಸಿದಾಗ ಗೆರೆಯೂ ನಿಂತಿತು. ಲ್ಯಾಪ್‌ಟಾಪಿಗೆ ಎರಡು ಕಿವಿ, ಒಂದು ರೇಡಿಯೊದ ವೈರು, ಇನ್ನೊಂದು ಅದರದೇ ಮೈಕು. ಅದು ಮೈಕಿನಿಂದ ನಮ್ಮ ಗ್ರೈಂಡರನ್ನು ಕೇಳುತ್ತಿತ್ತು. ಮಲ್ಲವ್ವ ಮೇಲೆ ಬಂದು, ಹಡಗು ಸಿಗದಿದ್ದರೂ ಇಡ್ಲಿ ಸಿಕ್ಕಿತಲ್ಲ ಎಂದಳು. ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ಕಸ್ತೂರಿ ನಕ್ಕಿದ್ದು ಆಗ.

ಎಲ್ಲ ಸರಿಯಾದ ಮೇಲೆ ಕರೆಯಲು ಶುರುಮಾಡಿದೆವು. ಜಗತ್ತಿನಲ್ಲಿ ಇಂಥ ಪೆಟ್ಟಿಗೆಗಳನ್ನು ಕೇಳುತ್ತ ಕೂತವರು ಸಾವಿರಾರು ಜನ ಇದ್ದಾರಂತೆ. ಯಾರಿಗೆ ಕೇಳಿದರೂ ಅವರ ಯಂತ್ರ ಅದನ್ನು ನೆಟ್ಟಿಗೆ ಹಾಕುತ್ತದೆ, ನಾವು ಅಲ್ಲಿ ನೋಡಬಹುದು. ನೋಡಿದೆವು. ಏನೂ ಇಲ್ಲ. ಶಕ್ತಿ ಸಾಲದು ಎಂದೆ ನಾನು. ಅವಳಿಗೂ ಹಾಗೇ ಅನ್ನಿಸಿತು. ಪೇಟೆಯಿಂದ ದನಿ ಏರಿಸುವ ಆಂಪ್ಲಿಫೈಯರ್ ತರಿಸಿ ಪೆಟ್ಟಿಗೆಗೆ ಜೋಡಿಸಿದೆವು, ನಾನು ಟ್ರ್ಯಾಕ್ಟರಿನ ಬ್ಯಾಟರಿ ಕೊಟ್ಟೆ. ಇಲ್ಲ. ಎರಡು ಬ್ಯಾಟರಿ. ಇಲ್ಲ. ಊರವರು ಬಂದು ನೋಡಿ, ಇನ್ನೂ ದೊಡ್ಡದು ಬೇಕು ಎಂದರು. ಹೊರಗಿನ ಯಂತ್ರಕ್ಕೆ ಹೊರಗಿನ ನೇಮ ಎಂಬುದು ನಮ್ಮಲ್ಲಿ ಎಲ್ಲರ ಮಾತು. ರಾಶಿ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ನನಗೆ ತಲೆಕೆಟ್ಟು ಲಾರಿಯ ಬ್ಯಾಟರಿಗಳನ್ನೇ ಹೊತ್ತು ತಂದು ಸಾಲಾಗಿ ಜೋಡಿಸಿ ಬಿಟ್ಟೆ. ಆಂಪ್ಲಿಫೈಯರು ಹೊಗೆಯಾಡಿತು. ಕೋಣೆಯ ತುಂಬ ಸುಟ್ಟ ಅರಗಿನ ವಾಸನೆ. ಕಸ್ತೂರಿ ಸುಟ್ಟದ್ದನ್ನು ಬಿಚ್ಚಿ ಬದಿಗಿಟ್ಟಳು. ಅಂಗೈಯಗಲದ ಪೆಟ್ಟಿಗೆ ಉಳಿದಿತ್ತು. ಅದನ್ನೊಂದನ್ನೇ ತಂತಿಗೆ ಸಿಕ್ಕಿಸಿ, ಅದಕ್ಕೆ ಆಗುವಷ್ಟು ಕಡಿಮೆ ಶಕ್ತಿಗೆ ಇಟ್ಟು, ಆ ಅಂಕಿಯನ್ನು ತಾನೇ ಪೆಟ್ಟಿಗೆಗೆ ಬರೆದು, ಹಾಗೇ ಬಿಟ್ಟು ಕೆಳಗಿಳಿದು ಹೋದಳು. ಬರೀ ಆರಿಸಲು ಮನಸ್ಸಾಗದೆ ಬಿಟ್ಟದ್ದು ಅದು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಕರೆದಳು. ಸಣ್ಣಗೆ ಕರೆದಿರಬೇಕು, ಓಣಿಯೇ ಎದ್ದು ಬಂತು.

ತೆರೆಯ ಮೇಲೆ ನಕ್ಷೆ ಇತ್ತು. ಸಮುದ್ರದ ನಡುವಿನ ನಮ್ಮ ಚುಕ್ಕೆಯಿಂದ ಗೆರೆಗಳು ಹೊರಟಿದ್ದವು. ಒಂದು ಹಿಮದ ಖಂಡದಲ್ಲಿ ಹವಾಮಾನ ನೋಡುವವರ ಠಾಣೆಗೆ. ಒಂದು ದಕ್ಷಿಣದ ಯಾವುದೋ ಭೂಮಿಯ ತುದಿಯ ದೀಪಸ್ತಂಭಕ್ಕೆ. ಒಂದು ಉತ್ತರದಲ್ಲಿ, ಆ ತಿಂಗಳು ಸೂರ್ಯನೇ ಹುಟ್ಟದ ಊರಿನ ಯಾರದೋ ಮನೆಗೆ. ಇನ್ನೂ ಇದ್ದವು, ಹೆಸರು ಓದಲು ಬಾರದವು. ನಾನೂ ಕಸ್ತೂರಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಊರಿನ ಎರಡು ವರ್ಷದ ಕೂಸಿಗೂ ತಿಳಿದದ್ದು ನಮಗೆ ತಿಳಿದಿರಲಿಲ್ಲ. ಇಷ್ಟು ದಿನ ನಾವು ಜಗತ್ತಿನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೆವು.

ನಾನು ದೇವರ ಮುಂದೆಯೂ ಹೆಚ್ಚು ಹೊತ್ತು ನಿಲ್ಲುವವನಲ್ಲ. ಆ ನಕ್ಷೆಯ ಮುಂದೆ ನಿಂತೆ. ಆ ಪೆಟ್ಟಿಗೆ ಹೊರಗೆ ಬಿಡುವ ಶಕ್ತಿ ಎಷ್ಟು ಎಂದರೆ, ನನ್ನ ಅಂಗಡಿಯ ಕಪಾಟಿನಲ್ಲಿ ಸುಮ್ಮನೆ ಕೂತ ಬ್ಯಾಟರಿಯಿಂದ ತಾನಾಗಿ ಸೋರಿಹೋಗುವಷ್ಟೂ ಅಲ್ಲ. ಹಾಗೆ ಸೋರಿಹೋದದ್ದಕ್ಕೆ ನಾನು ಯಾವತ್ತೂ ಲೆಕ್ಕ ಇಟ್ಟಿಲ್ಲ. ಅಷ್ಟು ಇದ್ದರೆ ಹಿಮದ ಖಂಡ ಮುಟ್ಟಬಹುದು. ಆಕಾಶದಲ್ಲಿ ಎತ್ತರಕ್ಕೆ ಒಂದು ಪದರ ಇದೆಯಂತೆ, ದನಿ ಅದಕ್ಕೆ ತಾಗಿ ಕೆಳಗೆ ಬೀಳುತ್ತದಂತೆ, ಸಮುದ್ರಕ್ಕೆ ತಾಗಿ ಮತ್ತೆ ಮೇಲೇಳುತ್ತದಂತೆ, ಹೀಗೆ ನೆಗೆಯುತ್ತ ಹೋಗುತ್ತದಂತೆ. ಹೊತ್ತು ಮುಳುಗುವಾಗ ಆ ಪದರ ಒಂದು ರೀತಿ, ಹುಟ್ಟುವಾಗ ಇನ್ನೊಂದು ರೀತಿ. ಅಷ್ಟು ವರ್ಷ ನಾನು ಅದರ ಕೆಳಗೆ ಆಸಿಡ್ ಕ್ಯಾನು ಹೊತ್ತು ಓಡಾಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ. ಮಲ್ಲವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ತೆರೆಗೆ ತಾಗದ ಹಾಗೆ ಬೆರಳಿನಿಂದ ಒಂದು ಗೆರೆಯ ಉದ್ದಕ್ಕೂ ಹೋದಳು. ಇವರಿಗೆಲ್ಲ ನಮ್ಮ ಕಸ್ತೂರಿಯ ಹೆಸರು ಗೊತ್ತಾಯಿತೇ ಎಂದು ಕೇಳಿದಳು. ಗೊತ್ತಾಯಿತು ಎಂದೆ.

ಆದರೆ ಕೇಳಬೇಕಾದವನು ಅವರಲ್ಲಿ ಇರಲಿಲ್ಲ.

ಕಸ್ತೂರಿ ಪ್ರತಿದಿನ ಕರೆದಳು. ಶಕ್ತಿಯನ್ನು ಇನ್ನೂ ಇಳಿಸಿದಳು. ಇಳಿಸಿದಷ್ಟೂ ಗೆರೆಗಳು ಹೆಚ್ಚಾದವು. ಅಮಾವಾಸ್ಯೆ ಹತ್ತಿರವಾದಾಗ ಒಂದು ಬೆಳಿಗ್ಗೆ ನೆಟ್ಟಿನಲ್ಲಿ ಚನ್ನವೀರನ ಕರೆಗುರುತು ಬಂತು. ಹಿಮದ ಠಾಣೆಯವರಿಗೆ ಕೇಳಿತ್ತು, ದೀಪಸ್ತಂಭದವರಿಗೂ ಕೇಳಿತ್ತು. ಜಾಗ, ಜನ ಇಲ್ಲದ ಯಾವುದೋ ಕಲ್ಲಿನ ದ್ವೀಪದ ಚೌಕ. ಶಕ್ತಿಯ ಅಂಕಿ ಮೂವತ್ತೇಳು. ಪೆಟ್ಟಿಗೆ ಹೆಚ್ಚೆಂದರೆ ಅಷ್ಟು ಕೊಡುತ್ತದೆ. ಕಸ್ತೂರಿ ನೆಲದ ಮೇಲೆ ಕೂತುಬಿಟ್ಟಳು. ನಾನು ಓಡಿಹೋಗಿ ಕಾಕಾನನ್ನು ಕರೆತಂದೆ.

ಕಾಕಾ ಬಹಳ ಹೊತ್ತು ನೋಡಿದ. ಅವನಿಗೆ ಎಲ್ಲ ಬಿಡಿಸಿ ಹೇಳಿದೆವು. ಆಮೇಲೆ ಅವನು ಕೇಳಿದ, ಈ ಪೆಟ್ಟಿಗೆಯನ್ನು ಹಚ್ಚಿಟ್ಟು ಮನುಷ್ಯ ಎದ್ದು ಹೋದರೂ ಇದು ಕರೆಯುತ್ತಿರುತ್ತದೆಯೇ? ಕಸ್ತೂರಿ ಸುಳ್ಳು ಹೇಳುವವಳಲ್ಲ. ಕರೆಯುತ್ತದೆ, ಬಿಸಿಲಿನ ಫಲಕ ಇದ್ದರೆ ವರ್ಷಗಟ್ಟಲೆ ಕರೆಯುತ್ತದೆ ಎಂದಳು. ಇಷ್ಟು ದಿನ ಇಲ್ಲದ್ದು ಈಗ ಬಂದದ್ದು ಯಾಕೆ ಎಂದು ನಾನು ಹಾರಾಡಿದೆ. ಫಲಕದ ಮೇಲಿನ ಹಿಮ ಈಗ ಕರಗಿರಬಹುದು ಎಂದ ಕಾಕಾ. ಅವನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನಗೆ ಸಿಟ್ಟು ಹೆಚ್ಚಾಯಿತು.

"ನೋಡವ್ವ," ಅಂದ ಕಾಕಾ, "ಯಂತ್ರ ಬದುಕೈತಿ ಅನ್ನೂದು ಖರೆ. ನಾ ಮನಶ್ಯಾನ ಕೇಳಾಕತ್ತೀನಿ. ಕರೆಗೆ ಉತ್ತರ ಅಂದ್ರ ಅದು ನಮ್ಮ ಊರಿಗೆ ಕೇಳಬೇಕು. ಹೊರಗಿನವರ ಕಿವಿ ನಂಬಿ ಬಳಿ ಉಳಸಾಕ ನನಗ ಅಧಿಕಾರ ಇಲ್ಲ."

ನಮ್ಮ ಯಂತ್ರಕ್ಕೆ ಚನ್ನವೀರ ಕೇಳುತ್ತಿರಲಿಲ್ಲ. ಜಗತ್ತಿನ ತುದಿಯವರಿಗೆಲ್ಲ ಕೇಳುತ್ತಿದ್ದ, ನಮಗಿಲ್ಲ. ಕಸ್ತೂರಿ ದೀಪಸ್ತಂಭದವರಿಗೆ ನೆಟ್ಟಿನಲ್ಲಿ ಬರೆದಳು. ಸಮುದ್ರದ ಅಬ್ಬರ ಇಳಿದ ಕೂಡಲೇ ಆ ದ್ವೀಪಕ್ಕೆ ದೋಣಿ ಕಳಿಸುತ್ತೇವೆ, ಆದರೆ ಅಲ್ಲಿ ಯಾರಾದರೂ ಇದ್ದಾರೆಂದು ನಾವು ಹೇಳಲಾರೆವು ಎಂದು ಉತ್ತರ ಬಂತು. ಅಮಾವಾಸ್ಯೆಯ ಮೊದಲು ದೋಣಿ ಹೋಗುವಂತಿರಲಿಲ್ಲ.

ಆಮೇಲೆ ಅಂಕಿ ಇಳಿಯಿತು. ಒಂದು ಬೆಳಿಗ್ಗೆ ಮೂವತ್ತೇಳರ ಬದಲು ಮೂವತ್ತು. ಮರುದಿನ ಇಪ್ಪತ್ತಮೂರು. ಹಿಮದ ಠಾಣೆಯವರಿಗೆ ಕೇಳುವುದು ನಿಂತಿತು, ದೀಪಸ್ತಂಭದವರಿಗೆ ಮಾತ್ರ ಉಳಿಯಿತು. ನಾನು ಅಂಗಡಿಯಲ್ಲಿ ಇಷ್ಟು ವರ್ಷ ನೋಡಿದ್ದು ಅದನ್ನೇ ಅಲ್ಲವೇ. ಅವನ ಬ್ಯಾಟರಿ ಸಾಯುತ್ತಿದೆ, ಎಂದು ಕಸ್ತೂರಿಗೆ ಹೇಳಿದೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ, ಹೇಳಿಬಿಟ್ಟೆ. ಪ್ಲೇಟು ಹೋದ ಬ್ಯಾಟರಿ ಹೀಗೆ ದಿನದಿನಕ್ಕೆ ಇಳಿಯುತ್ತದೆ, ಆಮೇಲೆ ಒಂದು ದಿನ ಇಲ್ಲ.

ಅವಳು ತೆರೆ ಬಿಟ್ಟು ನನ್ನ ಕಡೆ ತಿರುಗಿದಳು. ಕಣ್ಣು ಒಣಗಿದ್ದವು.

"ಬ್ಯಾಟರಿ ಸೋತ್ರ ದನಿ ಇಳೀತೈತಿ ಭಾವ, ಅಂಕಿ ಇಳಿಯೂದಿಲ್ಲ. ಪೆಟಗಿಗೆ ತನ್ನ ದನಿ ಎಷ್ಟೈತಿ ಅಂತ ಗೊತ್ತಿರೂದಿಲ್ಲ. ಬರದಿಟ್ಟಿದ್ದನ್ನ ಒದರತೈತಿ, ಅಷ್ಟ. ಅಂಕಿ ಇಳದೈತಿ ಅಂದ್ರ ಯಾರೋ ಇಳಿಸ್ಯಾರ. ಕೈಲೆ."

ಜನ ಇಲ್ಲದ ಕಲ್ಲಿನ ಮೇಲೆ ಕೂತು, ಕೇಳುತ್ತಿರುವ ಜಗತ್ತನ್ನೆಲ್ಲ ಒಂದೊಂದಾಗಿ ಕೈಬಿಡುತ್ತ ಯಾರೋ ದನಿ ತಗ್ಗಿಸುತ್ತಿದ್ದಾರೆ. ಬೇರೆ ಊರಿನವನಾಗಿದ್ದರೆ ಏರಿಸಲು ನೋಡುತ್ತಿದ್ದ. ಇಳಿಸಿದರೆ ಮುಟ್ಟುತ್ತದೆ ಎಂದು ನಂಬುವ ಮನುಷ್ಯ ಹುಟ್ಟುವ ಊರು ಭೂಮಿಯ ಮೇಲೆ ಒಂದೇ. ಹುಚ್ಚ ನನ್ನ ಮಗ, ಇದ್ದವರಿಗೂ ಕೇಳದ ಹಾಗೆ ಮಾಡಿಕೊಂಡರೆ ದೋಣಿಯವರು ಬರುವುದು ಹೇಗೆ ಎಂದು ಬೈದೆ. ಬೈಯುತ್ತ ಬೈಯುತ್ತ ಕಣ್ಣು ತುಂಬಿದವು. ಕಾಕಾನ ಮನೆಗೆ ಹೋಗಿ ಹೇಳಿದೆ. ಅವನು ಕೇಳಿದ, ತಲೆ ಆಡಿಸಿದ. ಊರಿಗೆ ಕೇಳಲಿ ಎಂದ.

ಅಂಕಿ ಹತ್ತಕ್ಕೆ ಬಂದಾಗ ದೀಪಸ್ತಂಭದವರಿಗೆ ಅದು ಒಂದೇ ಒಂದು ಸಲ ಕೇಳಿತು. ಮರುದಿನ ಯಾರಿಗೂ ಇಲ್ಲ. ಅದರ ಮರುದಿನವೂ ಇಲ್ಲ. ನೆಟ್ಟಿನಲ್ಲಿ ಅವನ ಹೆಸರಿನ ಮುಂದೆ ಖಾಲಿ. ಇನ್ನೂ ಇಳಿಸಿದ್ದಾನೋ, ನಿಂತೇಹೋದನೋ, ಹೇಳುವವರು ಯಾರೂ ಉಳಿಯಲಿಲ್ಲ. ಕಸ್ತೂರಿ ಊಟ ಬಿಟ್ಟು ತೆರೆಯ ಮುಂದೆ ಕೂತಳು. ಬಣ್ಣದ ನೀರು ಸುಮ್ಮನೆ ಇಳಿಯುತ್ತಿತ್ತು.

ಅಮಾವಾಸ್ಯೆ ಬಂತು. ಕಡೇ ಕರೆ ಹೊತ್ತು ಮುಳುಗುವ ಮುನ್ನ ಆಗಬೇಕು. ಇಳಿಹೊತ್ತಿಗೆ ಕಾಕಾ ಕಡೇ ಕರೆಯ ಬಿಳಿಯ ರುಮಾಲು ಸುತ್ತಿಕೊಂಡು ಅಂಗಳಕ್ಕೆ ಬಂದ. ಹಿಂದೆ ಓಣಿಯ ಹೆಂಗಸರು. ಮಲ್ಲವ್ವ ಮೇಲೆ ಬಂದು ಕಸ್ತೂರಿಯ ತಲೆ ಬಾಚಿ ಹೂ ಮುಡಿಸಿದಳು, ಅವಳ ಕೈಯ ಹಸಿರು ಬಳೆಗಳನ್ನು ಒಂದು ಸಲ ಸವರಿದಳು. ಇನ್ನು ಏಳು ಎಂದು ಹೇಳಬೇಕಾದವನು ನಾನು. ಕಾಕಾ ಕೆಳಗಿನಿಂದ ನನ್ನ ಹೆಸರು ಹಿಡಿದು ಕರೆದ. ಕಸ್ತೂರಿ ತಾನೇ ಎದ್ದಳು. ಎದ್ದವಳು ಹಾಗೇ ನಿಂತಳು.

ತೆರೆಯ ಮೇಲೆ ಕೂದಲೆಳೆಯಂಥದ್ದೇನೋ ಇತ್ತು. ಗೆರೆ ಎನ್ನಲೂ ಬಾರದು, ಬಣ್ಣದ ನೀರಿನಲ್ಲಿ ಯಾರೋ ಉಗುರು ಎಳೆದ ಹಾಗೆ. ಕೆಳಗೆ ಗ್ರೈಂಡರು ನಡೆಯುತ್ತಿದೆಯೇ ಎಂದು ನಾನು ಮಲ್ಲವ್ವನನ್ನು ನೋಡಿದೆ, ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಎಳೆ ಕಡಿಯಲಿಲ್ಲ. ನಾನು ಉಸಿರು ಬಿಟ್ಟರೆ ಅದು ಹರಿಯುತ್ತದೆಂದು ಉಸಿರು ಹಿಡಿದೆ. ಎಷ್ಟು ದೊಡ್ಡ ಸಮುದ್ರ ದಾಟಿ, ಎಷ್ಟು ಸಲ ಆಕಾಶಕ್ಕೆ ತಾಗಿ, ಎಷ್ಟು ಗಾಳಿ ಗುಡುಗುಗಳ ನಡುವೆ ನುಸುಳಿ ಅದು ನಮ್ಮ ಬೇವಿನ ಮರದ ತಂತಿಗೆ ಬಂದು ತಾಗುತ್ತಿತ್ತೋ. ಎರಡು ನಿಮಿಷ ಮುಗಿಯಿತು. ಸಾಫ್ಟ್‌ವೇರು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಒಂದು ಸಾಲು ಬರೆಯಿತು: ಚನ್ನವೀರನ ಕರೆಗುರುತು, ಕಲ್ಲಿನ ದ್ವೀಪದ ಚೌಕ, ಶಕ್ತಿ ಸೊನ್ನೆ. ಸೊನ್ನೆ ಎಂದರೆ ದನಿ ಇಲ್ಲವೆಂದಲ್ಲ, ಪೆಟ್ಟಿಗೆಯಲ್ಲಿ ಅದಕ್ಕಿಂತ ಕೆಳಗೆ ಅಂಕಿ ಇಲ್ಲ.

ನಾನು ಕೂಗಿದೆ. ಏನು ಕೂಗಿದೆನೋ ನನಗೇ ನೆನಪಿಲ್ಲ, ಪಕ್ಕದಲ್ಲಿದ್ದ ಮಲ್ಲವ್ವನಿಗೆ ಬಿಟ್ಟರೆ ಯಾರಿಗೂ ಕೇಳಲಿಲ್ಲ. ಕಸ್ತೂರಿ ಆ ಸಾಲನ್ನು ಓದಿದಳು, ಮತ್ತೊಮ್ಮೆ ಓದಿದಳು. ಯಾರಿಗೂ ಅಲ್ಲ, ತನಗೆ ತಾನೇ ಎಂಬಂತೆ ಬರೀ ತುಟಿಯಿಂದ ಅಂದಳು:

"ಅದಾರ."

ಅಂಗಳದಲ್ಲಿ ಕಾಕಾ ತಲೆ ಎತ್ತಿದ. ಸಂತೆಯಲ್ಲಿ ತಕ್ಕಡಿಗಳು ನಿಂತವು. ಹಳ್ಳದ ಆಚೆ ಅಗಸರು ಬಟ್ಟೆ ಹಿಂಡುವುದನ್ನು ಬಿಟ್ಟು ಎದ್ದು ನಿಂತರು ಎಂದು ಆಮೇಲೆ ಹೇಳಿದರು. ಗುಡ್ಡದ ಮೇಲೆ ಕುರಿ ಕಾಯುವವನು ಯಾರು ಯಾರು ಎಂದು ಸುತ್ತ ನೋಡಿದನಂತೆ. ಊರಿಗೆ ಊರೇ ಕೆಲಸ ಬಿಟ್ಟು ನಿಂತಿತು. ಕಾಕಾ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ನಮ್ಮ ಮೆಟ್ಟಿಲ ಮೇಲೆ ಕೂತು, ಕುಡಿಯಲು ನೀರು ಕೇಳಿದ.